ಸತ್ತವಳಿಗೊಂದು ಮಾತಿನ ಬಲೂನು

೧೨ ಆಗಸ್ಟ್ ೨೦೨೫, ಮಂಗಳವಾರ

ಬೆಳಿಗ್ಗೆ ಜಾಲಹಳ್ಳಿ ಕ್ರಾಸಿನ ಗೋಡೆಯ ಮೇಲೆ ನಮ್ಮ ಕಾಮಿಕ್ಸಿನ ಹೊಸ ಪೋಸ್ಟರ್ ಕಂಡೆ. ಅಂಟು ಇನ್ನೂ ಹಸಿಯಾಗಿತ್ತು. ‘ಸಪ್ತಪಡೆ’ಯ ಏಳು ವೀರರೂ ಎದೆಯುಬ್ಬಿಸಿ ನಿಂತಿದ್ದಾರೆ. ಏಳನೆಯವಳು ಕಿಡಿಗಣ್ಣಿ. ಹೋದ ತಿಂಗಳ ಸಂಚಿಕೆಯಲ್ಲಿ ಅವಳನ್ನು ನಾನೇ ಸಾಯಿಸಿದ್ದೆ.

ಆಫೀಸಿಗೆ ಹೋಗಿ ಸಂಪಾದಕ ಸುಬ್ರಮಣಿಗೆ ಹೇಳಿದೆ. ಚಿತ್ರವನ್ನು ಆರು ತಿಂಗಳ ಹಿಂದೆಯೇ ಬರೆಸಿಟ್ಟಿದ್ದರಂತೆ.

“ಯಾರಮ್ಮಾ ಜ್ಞಾಪಕ ಇಟ್ಕೊಂಡಿರ್ತಾರೆ? ‘ನಾನು ಸತ್ತಿರ್ಲಿಲ್ಲ’ ಅಂತ ಒಂದ್ ಬಲೂನ್ ಹಾಕು, ಎದ್ದು ಬರ್ತಾಳೆ.”

“ಸರ್, ಚಿತೆಗೆ ಬೆಂಕಿ ಇಟ್ಟಾಗಿದೆ.”

“ಹಂಗಾದ್ರೆ ಬೂದಿಯಿಂದ ಎಬ್ಬಿಸು. ಇನ್ನೂ ಮಾಸ್ ಆಗಿರತ್ತೆ!”

ಎಲ್ಲರೂ ನಕ್ಕರು. ನಾನೂ ನಕ್ಕೆ, ಥೂ.

ಇದೊಂದು ಕಥೆಯೇ? ಮುಂದಿನ ತಿಂಗಳು ನಮ್ಮ ನಾಲ್ಕೂ ಕಾಮಿಕ್ಸ್‌ಗಳ ವೀರರು ಒಂದೇ ಮಹಾಯುದ್ಧಕ್ಕೆ ಸೇರಬೇಕು. ಅದಕ್ಕಾಗಿ ಈ ಸಂಚಿಕೆಯ ಇಪ್ಪತ್ತೆರಡು ಪುಟಗಳಲ್ಲಿ ನಮ್ಮ ಏಳೂ ಜನ ಒಬ್ಬೊಬ್ಬರಾಗಿ ಬಂದು ಹೆಸರು ಹೇಳಿ ನಿಲ್ಲುತ್ತಾರೆ. ಇದು ಬರೀ ಲಗ್ನಪತ್ರಿಕೆ; ಯಾವ ನೆಂಟನ ಹೆಸರೂ ಬಿಟ್ಟುಹೋಗಬಾರದು, ಅಷ್ಟೆ.

ಕಿಡಿಗಣ್ಣಿಯ ಸಾವಿನ ಪುಟ ಓದಿ ಕೆಳಗಿನ ಮನೆಯ ಸರಳಾ ಅಕ್ಕ ಅತ್ತಿದ್ದರು. “ಪದ್ಮಶ್ರೀ, ನಿಜವಾಗ್ಲೂ ಹೋಗ್ಬಿಟ್ಳಾ ಅವಳು? ಆಮೇಲೆ ವಾಪಸ್ ಕರ್ಕೊಂಡ್ ಬರಲ್ಲ ತಾನೆ?” ಎಂದು ಕೇಳಿದ್ದರು. “ಇಲ್ಲಕ್ಕ” ಎಂದಿದ್ದೆ. ಈವರೆಗೆ ಬರೆದದ್ದರಲ್ಲಿ ನನಗೆ ನಾಚಿಕೆಯಾಗದ ಪುಟ ಅದೊಂದೇ.

ಉಳಿದ ಆರು ಜನರ ಮಾತು ಬರೆದು ಮುಗಿಸಿದ್ದೇನೆ. ಎಲ್ಲರೂ ಒಂದೇ ಸಮನೆ ಅರಚುತ್ತಿದ್ದಾರೆ. ಕಿಡಿಗಣ್ಣಿಯ ಬಲೂನನ್ನು ಖಾಲಿ ಬಿಟ್ಟೇ ನಾಳೆ ಕೊಡುತ್ತೇನೆ. ಬೇಕಿದ್ದರೆ ಸುಬ್ರಮಣಿಯೇ ತುಂಬಲಿ, ಕೆಳಗೆ ತನ್ನ ಹೆಸರನ್ನೂ ಹಾಕಿಕೊಳ್ಳಲಿ.