ಒಂದಿಂಚಿನ ಸಂದಿ

ಸೋಮವಾರ, ಬೆಳಿಗ್ಗೆ

ಅಣ್ಣನಿಗೆ ಅಡುಗೆಮನೆ ಮಾಡಿಕೊಡಲು ಹೋಗಿರುವ ನಮ್ಮ ಮನೆಯವರಿಗೆ, ನಿಮ್ಮ ಹೆಂಡತಿಯ ನಮಸ್ಕಾರ.

ದೇವರ ದಯೆಯಿಂದ ನಾನು ಚೆನ್ನಾಗಿದ್ದೇನೆ. ನೀವು ಚೆನ್ನಾಗಿಲ್ಲವೆಂದು ನಿಮ್ಮ ಅತ್ತಿಗೆ ಫೋನಿನಲ್ಲಿ ಹೇಳಿದರು. ಊಟಕ್ಕೆ ಕರೆದರೂ ಬಾರದೆ ಕಪಾಟಿನ ಮುಂದೆ ನಿಂತಿರುತ್ತೀರಂತೆ. ಜೋಡಿ ಬಾಗಿಲು ಮುಚ್ಚಿದರೆ ನಡುವೆ ಹೆಬ್ಬೆರಳು ತೂರುವಷ್ಟು ಸಂದಿಯಂತೆ. ಬಿಚ್ಚಿ, ಹೊಸ ಹಲಗೆ ತಂದು ಮತ್ತೆ ಮಾಡಿದರೂ ಅದೇ ಸಂದಿಯಂತೆ. ಮರ ಕುಗ್ಗುತ್ತಿದೆ ಎಂದಿರಂತೆ. "ನಿನ್ನೆ ತಂದಿದ್ದು ಇವತ್ತಿಗೇ ಕುಗ್ಗೋಕೆ ಅದಕ್ಕೇನಪ್ಪಾ ಅಂಥ ಚಿಂತೆ?" ಎಂದು ಭಾವನವರು ಕೇಳಿದರಂತೆ. ಫೋನು ಇಟ್ಟ ಮೇಲೆ ನಾನು ನಕ್ಕೆ. ಸುಳ್ಳು ಹೇಳಬಾರದು, ಬಹಳ ಹೊತ್ತು ನಕ್ಕೆ.

ಮೂಲೆ ನೆಟ್ಟಗಿದೆಯೋ ನೋಡಲು ಮೂಲೆಮಟ್ಟ ಕಳಿಸು ಎಂದು ಹೇಳಿಕಳಿಸಿದ್ದೀರಿ. ಕಳಿಸುವುದಿಲ್ಲ. ಅದು ನನ್ನ ಕೆಲಸಕ್ಕೆ ಬೇಕು.

ಏನು ಕೆಲಸ ಎಂದು ಕೇಳುತ್ತೀರಿ. ನಮ್ಮ ಅಡುಗೆಮನೆ ನೆನಪಿದೆಯಲ್ಲ? ಆಫೀಸಿನ ರಜೆಯಲ್ಲಿ ಕೈಯಾರೆ ಮಾಡುತ್ತೇನೆ, ಯಾವ ಅಂಗಡಿಯಲ್ಲೂ ಸಿಗದ ಹಾಗೆ ಮಾಡಿಕೊಡುತ್ತೇನೆ ಎಂದು ಗೋಡೆ ಒಡೆದಿರಿ. ಆಮೇಲೆ ನಿಮಗೆ ಊಟದ ಮೇಜಿನ ಹುಚ್ಚು ಹಿಡಿಯಿತು, ಗೋಡೆ ಹಾಗೇ ಉಳಿಯಿತು. ಒಲೆ ನಡುಮನೆಗೆ ಬಂತು. ಅನ್ನದಲ್ಲಿ ಮರದ ಹೊಟ್ಟು ಬಂತು. ದೇವರ ಗೂಡು ಕಿತ್ತು, ದೇವರನ್ನು ರಟ್ಟಿನ ಡಬ್ಬಕ್ಕೆ ಹಾಕಿ, ಅದರ ಮೇಲೆ ಡ್ರಿಲ್ಲು ಇಟ್ಟಿರಿ. ದೇವರಿಗೆ ಅವಸರವಿಲ್ಲ ಬಿಡು ಎಂದಿರಿ. ಅದನ್ನೂ ನುಂಗಿಕೊಂಡೆ.

ಮೇಜು ಮುಗಿದ ದಿನ ಅಣ್ಣ ಅತ್ತಿಗೆಯನ್ನೂ ನೆಂಟರನ್ನೂ ಊಟಕ್ಕೆ ಕರೆದಿರಿ. ಒಬ್ಬನೇ ಮಾಡಿದೆಯಾ ಎಂದು ಭಾವನವರು ಕೇಳಿದರು. ನೀವು ಹೇಳಿದ್ದು ಮಾತು ಮಾತೂ ನನ್ನ ಕಿವಿಯಲ್ಲಿದೆ. "ಮತ್ತಿನ್ಯಾರು? ಇವಳಿಗೆ ಒಂದು ಮೊಳೆ ನೆಟ್ಟಗೆ ಹೊಡಿಯೋಕೆ ಬರಲ್ಲ. ಹಿಡ್ಕೋ ಅಂದ್ರೆ ಹಿಡ್ಕೊಂಡು ನಿಂತಿರ್ತಾಳೆ, ಕಂಬದ ಹಾಗೆ." ಎಲ್ಲರೂ ನಕ್ಕರು. ಬಡಿಸುತ್ತಿದ್ದ ನಾನೂ ನಕ್ಕೆ. ಅದೇ ವಾರ ನಮ್ಮ ಅಡುಗೆಮನೆ ಬಿಟ್ಟು ಅವರ ಅಡುಗೆಮನೆಗೆ ಹೊರಟಿರಿ.

ನೀವು ಹೋದ ಮೇಲೆ ಗರಗಸ ಕೈಗೆ ತೆಗೆದುಕೊಂಡೆ. ಮೊದಲ ಹಲಗೆ ಹಾವು ಹರಿದ ಹಾಗೆ ಸೀಳಿತು. ಅಂಗೈಯಲ್ಲಿ ಬೊಬ್ಬೆ ಬಂತು, ಅಳುವೂ ಬಂತು. ದೇವರ ಹೆಸರು ಹೇಳಿಕೊಂಡು ಮತ್ತೆ ಹಿಡಿದೆ. ಗೆರೆಯ ಮೇಲೆ ಗರಗಸ ನೆಟ್ಟಗೆ ಇಳಿಯುವಾಗ ಆಗುವ ಸಂತೋಷವನ್ನು ನೀವು ಇಷ್ಟು ವರ್ಷ ಒಬ್ಬರೇ ಇಟ್ಟುಕೊಂಡಿದ್ದಿರಲ್ಲ, ಅದಕ್ಕೂ ಸಿಟ್ಟು ಬಂತು. ಮೊದಲು ಮಾಡಿದ ಡ್ರಾಯರು ಒಂದು ಬೆರಳಿಗೆ ಜಾರುತ್ತದೆ. ಮಧ್ಯಾಹ್ನವೆಲ್ಲ ಅದನ್ನು ಎಳೆಯುವುದು, ನೂಕುವುದು, ಅದೇ ಕೆಲಸ. ಅಡುಗೆಕಟ್ಟೆ ನನ್ನ ಸೊಂಟಕ್ಕೆ ಸರಿಯಾಗಿದೆ, ನಿಮಗೆ ಬಗ್ಗಬೇಕಾದೀತು. ನಿಮ್ಮ ತೂಗುಕುರ್ಚಿಗೆಂದು ಯಾರೂ ಮುಟ್ಟದ ಹಾಗೆ ಒಣಗಿಸಿಟ್ಟ ತೇಗದ ಹಲಗೆ ದೇವರ ಗೂಡಾಯಿತು. ಆ ಹಲಗೆ ಇನ್ನು ಬೇಕಾದರೆ ದೇವರನ್ನೇ ಕೇಳಿ.

ಈಗ ನಿಮ್ಮ ಸಂದಿಯ ವಿಷಯ. ನೀವು ತೆಗೆದುಕೊಂಡು ಹೋದ ಅಳತೆ ಟೇಪಿನ ಮೇಲೆ ಒಂದು ದಿನ ಏಣಿ ಇಟ್ಟು ತುದಿ ಮುರಿದಿರಿ. ಎಲ್ಲೆಂದರಲ್ಲಿ ಬಿಸಾಡುತ್ತೀಯೆಂದು ನನ್ನ ಮೇಲೇ ರೇಗಿ, ನೀನೇ ಸರಿಮಾಡು ಎಂದಿರಿ. ಮಾಡಿದೆ. ಕೆಟ್ಟ ಮೊದಲ ಇಂಚನ್ನು ಕತ್ತರಿಸಿ, ಉಳಿದ ತುದಿಗೆ ಕೊಕ್ಕೆ ಕೂರಿಸಿದೆ. ಅಂದಿನಿಂದ ಆ ಟೇಪು ಏನನ್ನು ಅಳೆದರೂ ಒಂದಿಂಚು ಹೆಚ್ಚು ತೋರಿಸುತ್ತದೆ. ಅಂಕಿ ಓದುವ ತುದಿಯಲ್ಲಿ ನೀವು, ಹಿಡಿಯುವ ತುದಿಯಲ್ಲಿ ನಾನು. ನಾನು ಪ್ರತಿ ಸಲವೂ ಕೊಕ್ಕೆಯನ್ನು ಅಂಚಿಗೆ ಸಿಕ್ಕಿಸದೆ ಒಂದಿಂಚು ಒಳಗೆ ಹಿಡಿಯುತ್ತಿದ್ದೆ. ನಿಮ್ಮ ಮೇಜು ಕೂಡಿಕೊಂಡಿದ್ದು ಹಾಗೆ. ನೀವು ಆ ತುದಿಯನ್ನು ಒಮ್ಮೆಯೂ ನೋಡಲಿಲ್ಲ.

ಅಲ್ಲಿ ನೀವೇ ಸಿಕ್ಕಿಸಿ ನೀವೇ ಓದುತ್ತೀರಿ. ಒಂದೇ ಹಲಗೆಯಾದರೆ ತಪ್ಪು ಗೊತ್ತಾಗುವುದಿಲ್ಲ, ಅಳೆಯುವಾಗಿನ ಸುಳ್ಳೇ ಕತ್ತರಿಸುವಾಗಲೂ. ಅಳತೆಯನ್ನು ಎರಡು ಬಾಗಿಲಿಗೆ ಪಾಲು ಮಾಡಿದಿರೋ, ಅಳೆಯುವಾಗ ಹೆಚ್ಚಿದ್ದು ಒಂದೇ ಇಂಚು, ಕತ್ತರಿಸುವಾಗ ಬಾಗಿಲಿಗೊಂದರಂತೆ ಕಳೆಯುವುದು ಎರಡು; ನಡುವೆ ಒಂದಿಂಚು ಬಾಯಿ ಬಿಡುತ್ತದೆ.

ಮೊದಲೇ ಹೇಳಬಹುದಿತ್ತು. ಹೇಳಲೋ ಬೇಡವೋ ಎಂದು ದೇವರ ಮುಂದೆ ಕೂತು ಕೇಳಿದೆ. ನೀವು ಎರಡನೆಯ ಜೊತೆ ಬಾಗಿಲು ಕತ್ತರಿಸಿ ಮುಗಿಸುವವರೆಗೆ ಅವನು ಬಾಯಿ ಬಿಡಲಿಲ್ಲ.

ಈ ಮಾತನ್ನು ಭಾವನವರಿಗೆ ಹೇಳುವುದು ಬಿಡುವುದು ನಿಮಗೆ ಸೇರಿದ್ದು. ಹೇಳದಿದ್ದರೆ ನಿಮಗೆ ಕೆಲಸ ಬರುವುದಿಲ್ಲ ಎಂದಾಗುತ್ತದೆ. ಹೇಳಿದರೆ, ಇದುವರೆಗೆ ಮಾಡಿದ್ದು ಯಾವುದೂ ನೀವೊಬ್ಬರೇ ಮಾಡಿದ್ದಲ್ಲ ಎಂದಾಗುತ್ತದೆ. ಯಾವುದು ಹಗುರವೋ ತೂಗಿ ನೋಡಿ.

ಇಂತಿ,
ನಿಮ್ಮ ಹೆಂಡತಿ

ತಾ.ಕ.: ಲಕೋಟೆಯ ಮೇಲೆ ನಿಮ್ಮ ಹೆಸರಿಲ್ಲ, ಅತ್ತಿಗೆಯ ಹೆಸರಿದೆ. ಅವರಿಗೆ ಕಾಗದ ಬಂದರೆ ಭಾವನವರು ಮನೆಯವರನ್ನೆಲ್ಲ ಕೂರಿಸಿಕೊಂಡು, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದುತ್ತಾರೆಂದು ನನಗೆ ಗೊತ್ತು. ಭಾವನವರೇ, ಇಷ್ಟುದ್ದ ಓದಿಸಿದ್ದಕ್ಕೆ ಕ್ಷಮಿಸಿ. ಸ್ವಲ್ಪ ನೀರು ಕುಡಿದು, ಇನ್ನು ಇದನ್ನು ನಿಮ್ಮ ತಮ್ಮನ ಕೈಗೆ ಕೊಡಿ.