ಎಂಟು ಮನೆಯ ಡಬ್ಬಿ

ಮಾರ್ಚ್ 3, ಸೋಮವಾರ
ಇವತ್ತು ನಲವತ್ತೊಂದು ಡಬ್ಬಿ. ಎಲ್ಲವೂ ಮಕ್ಕಳ ಮಲ. ತೂಗಿ, ಕಡ್ಡಿಯಲ್ಲಿ ಕಡಲೆಕಾಳಿನಷ್ಟು ತೆಗೆದು, ಗಾಜಿನ ಮೇಲೆ ಸವರಿ ಕೊಟ್ಟೆ. ದೊಡ್ಡ ಡಾಕ್ಟರಮ್ಮ ಮೈಕ್ರೋಸ್ಕೋಪಿನಲ್ಲಿ ಹುಳುವಿನ ಮೊಟ್ಟೆ ಎಣಿಸುತ್ತಾರೆ. ಹೊಟ್ಟೆಹುಳುವಿಗೆ ಹೊಸ ಮಾತ್ರೆ — ಅವರ ಹದಿನೆಂಟು ವರ್ಷದ ಸಂಶೋಧನೆಯಂತೆ. ಕೆಲಸಕ್ಕೆ ಸೇರಿ ಮೂರು ತಿಂಗಳಾದರೂ ನನ್ನ ವಾಕರಿಕೆ ನಿಂತಿಲ್ಲ. ಅವರು ಮೂಗನ್ನೂ ಮುಚ್ಚುವುದಿಲ್ಲ. "ಇದರಲ್ಲಿ ಹೇಸಿಗೆ ಏನಿದೆಯಮ್ಮ? ಸುಳ್ಳು ಹೇಳೋಕೆ ಬರದ ವಸ್ತು ಇದೊಂದೇ."

ಮಾರ್ಚ್ 6
ಗೋದಾಮಿನ ಹಿಂದಿನ ಬೀದಿಯ ಎಂಟು ಮನೆಯಿಂದ ಡಬ್ಬಿ ತರುವುದು ನನ್ನ ಓರಗಿತ್ತಿಯ ಪಾಲು. ಕೆಲಸ ಕೊಡಿಸಿದವಳು ನಾನೇ. ಮಕ್ಕಳಿಗೆ ಮಾತ್ರೆ ಕೊಟ್ಟು ಮೂರು ವಾರ. ಇವತ್ತು ಅವಳ ಡಬ್ಬಿಗಳು ಬಂದವು. ಹೋದ ಸಲ ಮೊಟ್ಟೆ ಗಿಜಿಗುಟ್ಟುತ್ತಿದ್ದವು, ಈಗ ಒಂದೂ ಇಲ್ಲ! ಡಾಕ್ಟರಮ್ಮನ ಕೈಕೆಳಗಿನ ಚಿಕ್ಕ ಡಾಕ್ಟರ್ ಕುಣಿದಾಡಿದ.
ನನಗೆ ಮಾತ್ರ ಕಸಿವಿಸಿ. ಎಂಟರಲ್ಲೂ ಸೀಬೆಹಣ್ಣಿನ ಬೀಜ. ಎಂಟು ಮನೆಯವರೂ ಒಂದೇ ದಿನ ಸೀಬೆ ತಿಂದರೇ?

ಅದೇ ದಿನ, ಸಂಜೆ
ಮನೆಗೆ ಬಂದು ಅವಳನ್ನು ಕೇಳಿಯೇ ಬಿಟ್ಟೆ. "ಯಾರದೇ ಅದು?"
ಈರುಳ್ಳಿ ಹೆಚ್ಚುತ್ತಾ ನಕ್ಕಳು. "ನಮ್ಮ ಯಜಮಾನರದು ಅಕ್ಕ. ಎಂಟಕ್ಕೂ ಸಾಕಾಗಿ ಮಿಕ್ಕಿತು!"
"ಥೂ! ನಗ್ತೀಯಲ್ಲೇ!"
"ಬಾಗಿಲು ಬಾಗಿಲಲ್ಲಿ ನಿಂತು 'ಅದನ್ನ ಕೊಡಿ' ಅಂತ ಕೇಳಿ ನೋಡು, ಗೊತ್ತಾಗುತ್ತೆ. ನಾಯಿ ಛೂ ಬಿಡ್ತಾರೆ. ಯಾರದಾದ್ರೇನು, ಅದ್ರ ಮೇಲೆ ಹೆಸರು ಬರ್ದಿರುತ್ತಾ?"
ಆ ಮಕ್ಕಳ ಹುಳು ಹೊಟ್ಟೆಯೊಳಗೆ ಹಾಗೇ ಇರಬಹುದು. ಕಾಗದದ ಮೇಲೆ ಮಾತ್ರ ಸತ್ತಿದೆ.

ಮಾರ್ಚ್ 7
ಚಿಕ್ಕ ಡಾಕ್ಟರಿಗೆ ಹೇಳಿದೆ. ಆಚೀಚೆ ನೋಡಿದ. "ಅಮ್ಮ, ನೀವು ಸವರಿ ಕೊಡಿ ಸಾಕು. ಯೋಚನೆ ಮಾಡೋಕೆ ನಾವಿದ್ದೀವಿ. ಮುಂದಿನ ವರ್ಷ ಎಲ್ಲ ಶಾಲೆಗೂ ಇದೇ ಮಾತ್ರೆ, ಗೊತ್ತಾ?"
"ಮಾತ್ರೆ ಕೆಲಸ ಮಾಡದೆ ಇದ್ರೆ?"
"ಮಾಡುತ್ತೆ ಅಂತ ರಿಸಲ್ಟ್ ಬಂದಿದೆಯಲ್ಲ!"
ಎರಡೆರಡು ಗ್ಲೌಸು, ಮೇಲೊಂದು ಮಾಸ್ಕು. ಡಬ್ಬಿ ಕಂಡರೆ ಮಾರು ದೂರ ಹಾರುವವನು ಸುಳ್ಳನ್ನು ನುಂಗಿ ನೀರು ಕುಡಿದ. ಅಸಹ್ಯ ಯಾವುದಪ್ಪಾ ದೇವರೇ...

ಮಾರ್ಚ್ 12
ನಾಲ್ಕು ದಿನ ಏನೂ ಬರೆಯಲಿಲ್ಲ.
ಓರಗಿತ್ತಿಗೆ ಹೊಸಿಲು ದಾಟಿ ಮಾಡುವ ಕೆಲಸ ಅಂತ ಇದೇ ಮೊದಲು. ಕೊರಳಿನ ಐಡಿ ಕಾರ್ಡನ್ನು ಮನೆಯೊಳಗೂ ತೆಗೆಯುವುದಿಲ್ಲ. ಡಾಕ್ಟರಮ್ಮನಿಗೆ ಹೇಳಿದರೆ ಅದು ಹೋಗುತ್ತದೆ. ಹೇಳದಿದ್ದರೆ — ಎಷ್ಟು ಶಾಲೆಯ ಮಕ್ಕಳು!
ಇವರು, "ಕೊಚ್ಚೆಗೆ ಕಲ್ಲು ಹಾಕ್ಬೇಡ. ಮುಖಕ್ಕೇ ಸಿಡಿಯುತ್ತೆ" ಎಂದರು.
"ಆಗಲೇ ಸಿಡಿದಿದೆ ಬಿಡಿ" ಎಂದೆ.

ಮಾರ್ಚ್ 13, ಮಧ್ಯಾಹ್ನ
ಫ್ರಿಜ್ಜಿನಿಂದ ಎಂಟೂ ಡಬ್ಬಿ ತೆಗೆದು ಡಾಕ್ಟರಮ್ಮನ ಮೇಜಿನ ಮೇಲಿಟ್ಟು, "ಎಂಟೂ ಒಬ್ಬರದೇ" ಎಂದೆ. ಚಿಮಟಿಗೆಯಲ್ಲಿ ಒಂದೊಂದೇ ಬೀಜ ಎತ್ತಿ ಬಿಳಿ ಕಾಗದದ ಮೇಲೆ ಇಟ್ಟರು. ಐದನೆಯ ಡಬ್ಬಿಗೆ ಕೈ ನಿಂತಿತು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.
"ಈ ಬೀದಿ ಪೂರ್ತಿ ಮತ್ತೆ ಮೊದಲಿಂದ" ಎಂದರು. ಆಮೇಲೆ, "ತಂದವರು ಯಾರು?"
"ನನ್ನ ಓರಗಿತ್ತಿ."
"ನಾಳೆಯಿಂದ ಬರೋದು ಬೇಡ. ನೀವೇ ಹೇಳ್ತೀರಾ, ನಾನು ಹೇಳಲಾ?"
ನಾನೇ ಹೇಳುತ್ತೇನೆಂದು ಬಂದೆ. ಮನೆಗೆ ಬಂದು ಈ ಪುಸ್ತಕ ಹಿಡಿದು ಕೂತಿದ್ದೇನೆ, ಹೇಡಿಯ ಹಾಗೆ. ಅಡುಗೆಮನೆಯಿಂದ ಕೂಗುತ್ತಿದ್ದಾಳೆ — "ಅಕ್ಕಾ, ಬಡಿಸಿದೀನಿ, ಆರಿಹೋಗುತ್ತೆ ಬಾ!"
ಉಂಡು ಹೇಳಲೋ, ಹೇಳಿ ಉಣ್ಣಲೋ? ಅವಳು ಬಡಿಸಿದ್ದನ್ನು ಉಂಡು, ಅದೇ ಬಾಯಲ್ಲಿ 'ನಾಳೆಯಿಂದ ಬರಬೇಡ' ಅನ್ನಲೇ?