ದಡ ಮುಟ್ಟಿದ ಪದ

ಸರಗೂರು
ಫೆಬ್ರವರಿ ೧೦, ೧೯೩೮

ನನ್ನ ಯಶೋದೆಗೆ,

ನೀನೂ ಕೂಸೂ ಹೇಗಿದ್ದೀರಿ? ಬಾಣಂತಿ ಮೈ, ಸಾಲಿಗ್ರಾಮದ ಹೊಳೆಗಾಳಿಗೆ ಕಿವಿ ತೆರೆದುಕೊಂಡು ಕೂರಬೇಡ. ಮಗಳ ಮೂಗು ನಿನ್ನದೇ ಎಂದು ನಿಮ್ಮಣ್ಣ ಅಂಕಯ್ಯನವರು ಹೇಳಿ ಕಳಿಸಿದ್ದರು. ನನ್ನದು ಬಾರದಿದ್ದದ್ದು ಅವಳ ಪುಣ್ಯ. ಈ ಕಾಗದವನ್ನು ಮಾತ್ರ ಅವರ ಕೈಲಿ ಓದಿಸಬೇಡ. ನೀನೇ ಅಕ್ಷರ ಕೂಡಿಸಿಕೊಂಡು ಓದಲೆಂದು, ಇಸ್ಕೂಲಿನ ಮಕ್ಕಳಿಗೆ ಹಲಗೆಯ ಮೇಲೆ ಬರೆಯುವಂತೆ ದಪ್ಪಗೆ ಬರೆದಿದ್ದೇನೆ.

ಹೆರಿಗೆಗೆ ಹೊರಟ ದಿನ ಗಾಡಿ ಹತ್ತುವಾಗ ನೀನು ಅಂದ ಮಾತು ನನ್ನನ್ನು ಬಿಟ್ಟಿಲ್ಲ: "ನಾ ಬಾಯ್ಬುಟ್ಟು ಒಂದು ಪದ ಏಳಿದ್ರೂ ಅತ್ತೆಮ್ಮಂಗೆ ಆಗಾಕಿಲ್ಲ ಕಣ್ರೀ. ಕೂಸ್ನ ಎತ್ಕಂಡು ಆ ಮನೆಗೆ ಇನ್ಯಾಕೆ ಬರ್ಲಿ?" ರಾಗಿ ಬೀಸುತ್ತ ನೀನು, ತಾಯಿ ಮಗಳನ್ನು ಗಂಡನ ಮನೆಗೆ ಕಳಿಸಿಕೊಡುವ ಆ ಸೋಬಾನೆ ಪದ ಎತ್ತಿದಾಗ ಅವ್ವ ಬೀಸುಕಲ್ಲಿನ ಗೂಟ ಹಿಡಿದು ನಿಲ್ಲಿಸಿ, "ಈ ಮನೇಲಿ ಅದ ಏಳ್ಬ್ಯಾಡ" ಎಂದದ್ದು ನನಗೂ ಗೊತ್ತು. ಯಾಕೆಂದು ಮಾತ್ರ ಗೊತ್ತಿರಲಿಲ್ಲ.

ಮೊನ್ನೆ ಪಕ್ಕದ ಮನೆ ಚೆಲುವಮ್ಮನ ಮಗಳ ಮದುವೆಗೆ ಹೆಂಗಸರೆಲ್ಲ ಸೇರಿ ಅರಿಶಿನ ಕುಟ್ಟುತ್ತಿದ್ದರು. ನಾನು ಚಪ್ಪರಕ್ಕೆ ಹಗ್ಗ ಬಿಗಿಯುತ್ತಿದ್ದೆ. ಚೆಲುವಮ್ಮ ಅದೇ ಪದ ಎತ್ತಿದಳು. ತಾಯಿ ಹೊಳೆಯ ಈ ದಡದಲ್ಲಿ ನಿಂತಿರುತ್ತಾಳೆ, ಮಗಳು ತುಂಬಿದ ಹೊಳೆಯಲ್ಲಿ ಹರಿಗೋಲು ಹತ್ತುತ್ತಾಳೆ. ಅಷ್ಟು ಬರುವಾಗ ಅವ್ವ ಒನಕೆ ಬಿಟ್ಟು ಎದ್ದಳು. ಹೊರಟುಬಿಡುತ್ತಾಳೆ ಅಂದುಕೊಂಡೆ. ಇಲ್ಲ, ಚಪ್ಪರದ ಕಂಬ ಹಿಡಿದು ನಿಂತಳು. ಹರಿಗೋಲು ಆಚೆ ದಡ ಮುಟ್ಟಿತು, ಮಗಳು ಇಳಿದು ತಿರುಗಿ ಅವ್ವಾ ಎಂದು ಕೂಗಿದಳು, ಪದ ಮುಗಿಯಿತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು, ಯಶೋದೆ. ಅಪ್ಪ ಹೋದಾಗಲೂ ಹಾಗೆ ಅತ್ತವಳಲ್ಲ. ಯಾಕೆಂದು ತಿಳಿಯದೆಯೇ ಉಳಿದ ಹೆಂಗಸರೂ ಅತ್ತರು.

ಮನೆಗೆ ಬಂದು ಜಗಲಿಯ ಮೇಲೆ ಕೂತ ಮೇಲೆ ಅವಳೇ ಹೇಳಿದಳು. ಅವಳು ಹುಡುಗಿಯಾಗಿದ್ದಾಗ ಊರಿಗೆ ಪ್ಲೇಗು ಬಂದು ಜನವೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ. ಅವಳ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ಗಡ್ಡೆ ಎದ್ದಿತು. ಬೇರೆ ಗುಡಿಸಲಲ್ಲಿ ಮಲಗಿಸಿ ಮಗಳನ್ನು ಹತ್ತಿರ ಬಿಡಲಿಲ್ಲ. "ಅವ್ವ ಬದ್ಕವ್ಳೋ ಇಲ್ವೋ ಅಂತ ನಾ ಅಳ್ತಿದ್ದೆ. ಅದ್ಕೇ ಅವ್ವ ಒಳಗಿಂದ್ಲೇ ಆ ಪದನ ದಿನಕ್ಕೆ ಒಂದೀಟು ಏಳೋಳು ಕಣಪ್ಪಾ, ನಂಗೆ ಕೇಳ್ಲಿ ಅಂತ. ಒಂದಿನ ಹರಿಗೋಲು ಅತ್ತೋ ತಾವ್ಕೆ ಬಂದು ಪದ ನಿಂತೋಯ್ತು. ಮುಂದ್ಕೆ ಏನಾಯ್ತದೆ ಅಂತ ನಾ ಯಾವತ್ತೂ ಕೇಳ್ಲೇ ಇಲ್ಲ. ಮಗಳು ದಡ ಸೇರ್ತಾಳೆ ಅಂತ ಇವತ್ತೇ ಗೊತ್ತಾಗಿದ್ದು."

ನಾನು ಅವಳ ಪಕ್ಕದಲ್ಲಿ ಕೂತೆ. ಆಮೇಲೆ, "ಆ ಮಗು ನನ್ನ ಏನಂದ್ಕಂತೋ ಏನೋ" ಎಂದಳು. ಮಗು ಎಂದದ್ದು ಕೂಸನ್ನಲ್ಲ, ನಿನ್ನನ್ನು.

ನಿಮ್ಮವ್ವನಿಗೂ ಅಣ್ಣನಿಗೂ ನನ್ನ ನಮಸ್ಕಾರ ತಿಳಿಸು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ಹೊಟ್ಟೆ ತುಂಬ ಉಣ್ಣು.

ನಿನ್ನ
ಸಣ್ಣಬೀರಯ್ಯ

ಮತ್ತೆ: ಕಾಗದವನ್ನು ಟಪಾಲಿಗೆ ಹಾಕಲು ಹೊರಟರೆ ಅವ್ವ ಕಿತ್ತುಕೊಂಡಳು. ತಾನೇ ತರುತ್ತಾಳಂತೆ! ಹುಣಸೂರಿನ ತನಕ ಗಾಡಿ, ಅಲ್ಲಿಂದ ಮೋಟಾರು. ಮೋಟಾರಿನ ಸದ್ದಿಗೇ ಹೆದರುವವಳು. ಇದನ್ನು ನೀನು ಓದುವಾಗ ಅವಳು ಎದುರಿಗೇ ಕೂತಿರುತ್ತಾಳೆ. ಇದರಲ್ಲಿ ಏನು ಬರೆದಿದೆಯೋ ಅವಳಿಗೆ ತಿಳಿಯದು, ಬಾಯಿಬಿಟ್ಟು ಏನೂ ಕೇಳುವವಳೂ ಅಲ್ಲ. ಕೂಸನ್ನು ಅವಳ ಮಡಿಲಿಗೆ ಹಾಕಿ ನೀನೇ ಪದ ಎತ್ತು.